ಕಫ ಕೇಳಿದರ ಉಗುಳು ಕೊಟ್ಟೆ

ನಾನು ಏಳನೇ ಇಯತ್ತೆ ಕಲಿತ ಒಕ್ಕಲಿಗ. ಜತ್ತ ತಾಲೂಕಿನ ಈ ಮೂಡಣ ಭಾಗದ ಜಾತ್ರಿಗಳಲ್ಲಿ ನಲವತ್ತು ವರ್ಷದಿಂದ ಡೊಳ್ಳಿನ ಹಾಡು ಹಾಡುತ್ತ ಬಂದೀನಿ. ವಾಚನಾಲಯದ ಹುಡುಗರು "ಕಾಕಾ, ಹಾಡಿನ ಬಗ್ಗೆ ಬರೀರಿ" ಅಂದರು. ಆದರ ನಾ ಬರಿಯೋದು ಕೆಮ್ಮಿನ ಬಗ್ಗೆ.

ಹೋದ ವರ್ಷ ಕಾರಹುಣ್ಣಿಮಿ ಸುಮಾರಿಗೆ ಕೆಮ್ಮು ಹತ್ತಿತು. ನಿದ್ದಿಗೆಟ್ಟು ಹಾಡಿದ್ದಕ್ಕ ಗಂಟಲ ಕೆಟ್ಟಿರಬೇಕು ಅಂದುಕೊಂಡೆ. ಅಂಗಡಿಯ ಕೆಮ್ಮಿನ ಔಷಧ ಎರಡು ಬಾಟ್ಲಿ ಕುಡಿದೆ. ಸಂಜಿಯಾದರ ಸಣ್ಣ ಜ್ವರ, ರಾತ್ರಿ ಬೆವರು. ಅಂಗಿ ಸಡಲಾಯಿತು. ತಿಂಗಳಾದ ಮ್ಯಾಲೆ ಸರಕಾರಿ ದವಾಖಾನಿಗೆ ಹೋದೆ.

ಅಲ್ಲಿ ಒಬ್ಬಾಕಿ ಸಣ್ಣ ಡಬ್ಬಿ ಕೊಟ್ಟು ಮರಾಠಿಯಲ್ಲಿ ಏನೇನೋ ಹೇಳಿದಳು. ನನಗ ಸಂತಿಯ ಮರಾಠಿ ಬರತೈತಿ. ಕುರಿ ಮಾರೋದು, ದಾಳಿಂಬರಿ ದರ ಕೇಳೋದು, ಅಷ್ಟೆ. ಆಕಿ ಮಾತಿನಾಗ "ಥುಂಕಿ" ಅನ್ನೋದು ಒಂದೇ ತಿಳಿಯಿತು. ಥುಂಕಿ ಅಂದ್ರ ಉಗುಳು. ಹಿಂದ ಮಂದಿ ಸಾಲು ನಿಂತಿತ್ತು. "ಹೋ, ಹೋ" ಅಂದೆ. ಮೂಲಿಗೆ ಹೋಗಿ ಉಗುಳಿ ಕೊಟ್ಟೆ. ಎರಡು ದಿನ ಬಿಟ್ಟು ಚೀಟಿ ಬಂತು: ಏನೂ ಇಲ್ಲ. ಮನಿಯವರೆಲ್ಲ ಹಗುರಾದರು. ಮೂರು ವರ್ಷದ ಮೊಮ್ಮಗ ಮೊದಲಿನಂಗ ನನ್ನ ಕೌದಿಯೊಳಗ ಮಲಗಿದ.

ಇಪ್ಪತ್ತು ದಿನಕ್ಕ ಕೆಮ್ಮಿನ ಕೂಡ ರಕ್ತ ಬಂತು.

ನಮ್ಮ ಊರ ಆಶಾತಾಯಿ ಮನಿಗೆ ಬಂದಳು. ಆಕಿ ನಮ್ಮಾಕಿ, ಕನ್ನಡದಾಕಿ. "ಕಾಕಾ, ಡಬ್ಬಿಯೊಳಗ ಏನ ಕೊಟ್ಟಿದ್ರಿ?" ಅಂತ ಕೇಳಿದಳು. ಹೇಳಿದೆ. ಹಣಿ ಹಣಿ ಬಡಕೊಂಡಳು. "ಅದು ಬರೀ ಜೊಲ್ಲು ಕಾಕಾ. ಅವರಿಗೆ ಬೇಕಾದದ್ದು ಕಫ. ಮುಂಜಾನೆ ಎದ್ದಕೂಡಲೆ ನೀರಿಲೆ ಬಾಯಿ ಮುಕ್ಕಳಿಸ್ರಿ. ಬಯಲಿಗೆ ಹೋಗಿ ಉಸಿರು ತುಂಬಾ ಎಳಕೋರಿ. ಎದಿ ತಳದಿಂದ ಕೆಮ್ಮಿ ತಗೀರಿ." ನನ್ನ ಗುರುಗಳು ಹಾಡು ಕಲಿಸುವಾಗಲೂ ಇದನ್ನೇ ಹೇಳತಿದ್ದರು, ಗಂಟಲಿಂದ ಒದರಬ್ಯಾಡ, ತಳದಿಂದ ತಗೀ ಅಂತ. ಇಷ್ಟು ಸರಳ ಮಾತು ನನ್ನ ಭಾಷೆಯಲ್ಲಿ ಬರಲಿಕ್ಕೆ ಇಪ್ಪತ್ತು ದಿನ ಹಿಡಿಯಿತು.

ಎರಡನೇ ಡಬ್ಬಿಯಲ್ಲಿ ಕ್ಷಯ ಸಿಕ್ಕಿತು. ಆ ಹೆಸರು ಮರಾಠಿಯಲ್ಲೂ ಅದೇ, ಯಾರೂ ತಿಳಿಸಿ ಹೇಳಬೇಕಾಗಲಿಲ್ಲ. ನಾ ಅಂಜಿದ್ದು ನನಗಾಗಿ ಅಲ್ಲ, ಕೌದಿಯೊಳಗಿನ ಕೂಸಿಗಾಗಿ. ಮನಿ ಮಂದಿಯನ್ನೆಲ್ಲ ತಪಾಸ ಮಾಡಿದರು. ದೇವರ ದಯ, ಯಾರಿಗೂ ಹತ್ತಿರಲಿಲ್ಲ. ಆದರೂ ಮುಂದ ಬರಬಾರದು ಅಂತ ಕೂಸಿಗೆ ಆರು ತಿಂಗಳ ಗುಳಿಗಿ ಕೊಟ್ಟರು. ದಿನಾ ಮುಂಜಾನೆ ಅದಕ್ಕ ಗುಳಿಗಿ ನುಂಗಿಸುವಾಗ ನಾ ಅಂದ "ಹೋ" ನೆನಪಾಗತಿತ್ತು.

ನನಗೂ ಆರು ತಿಂಗಳು. ಮೊದಲ ಎರಡು ತಿಂಗಳು ನಾಕು ಥರದ ಔಷಧ, ಆಮ್ಯಾಲೆ ನಾಕು ತಿಂಗಳು ಮೂರು ಥರದ್ದು. ತಪಾಸಣಿ, ಔಷಧ ಎಲ್ಲಾ ಪುಕ್ಕಟೆ. ಊಟಕ್ಕಂತ ತಿಂಗಳಿಗೆ 1000 ರೂಪಾಯಿ ಸರಕಾರ ಬ್ಯಾಂಕಿನ ಖಾತೆಗೆ ಹಾಕತೈತಿ. ಮೊದಲು 500 ಇತ್ತು, 2024ರ ನವೆಂಬರದಿಂದ ಹೆಚ್ಚು ಮಾಡ್ಯಾರ. ಮೂತ್ರ ಕೆಂಪಗಾದಾಗ ಗಾಬರಿಯಾದೆ. ಈ ಸಲ ಸುಮ್ಮನಿರಲಿಲ್ಲ, ಹೋಗಿ ಕೇಳಿದೆ. ಔಷಧದ ಬಣ್ಣ ಅಂದರು. ಎರಡು ತಿಂಗಳಿಗೆ ಹಸಿವು ಬಂತು, ಮೈಗೆ ಬಲ ಬಂತು, ಬಿಟ್ಟುಬಿಡೋಣ ಅನಿಸಿತು. ಮತ್ತ ಕೇಳಿದೆ. ನಡುವೆ ಬಿಟ್ಟರ ರೋಗ ಔಷಧಕ್ಕ ಬಗ್ಗದಂಗ ಆಗತೈತಿ, ಆಗ ಇದರಕಿಂತ ದೊಡ್ಡ ಔಷಧ ಬೇಕಾಗತೈತಿ ಅಂದರು. ಬಿಡಲಿಲ್ಲ.

ಮ್ಯಾಳದವರಿಗೆ ಮೊದಲು ನಾಚಿಕಿಗೆ ಹೇಳಿರಲಿಲ್ಲ. ಹೇಳಿದ ಮ್ಯಾಲೆ ಮ್ಯಾಳದಾಗಿನ ಒಬ್ಬ "ಅಣ್ಣಾ, ನನಗೂ ಮೂರು ವಾರದಿಂದ ಕೆಮ್ಮು" ಅಂದ. ಮರುದಿನ ಅವನ ಕೂಡ ನಾನೇ ಹೋದೆ. ಅವನದು ಬರೀ ನೆಗಡಿಯ ಕೆಮ್ಮು. ಆದರ ಎರಡು ವಾರ ದಾಟಿದರ ತೋರಿಸಲೇಬೇಕು.

ಡಬ್ಬಿ ಕೊಟ್ಟಾಕಿಯ ಮ್ಯಾಲೆ ನನಗ ಸಿಟ್ಟಿಲ್ಲ. ಆಕಿ ಹೇಳಿದಳು, ತಿಳಿಯಲಿಲ್ಲ ಅನ್ನಲಿಕ್ಕೆ ನನಗ ಬಾಯಿ ಬರಲಿಲ್ಲ. ಸಾವಿರ ಮಂದಿ ಮುಂದ ಹಾಡೋ ಬಾಯಿ ಅದು.

ಕಫ ಕೊಡುವ ರೀತಿಯನ್ನು ಆಶಾತಾಯಿ ಕನ್ನಡದಲ್ಲಿ ಬರೆದು ಕೊಟ್ಟಾಳ. ವಾಚನಾಲಯದ ಬಾಗಿಲ ಬಾಜೂಕ ಹಚ್ಚೀವಿ. ಗುರುಗಳೇ, ಓದಲು ಬಾರದವರಿಗೆ ಓದಿ ಹೇಳ್ರಿ. ಈ ಯುಗಾದಿಗೆ ನಾನು ಮತ್ತ ಹಾಡಿದೆ. ಮೊದಲಿನ ಏರುದನಿ ಇಲ್ಲ, ಆದರ ಮೊಮ್ಮಗ ಮುಂದ ಕುಂತು ಕೇಳಿದ.