ಆರೋಗ್ಯದ ಪಾಠ ಹೇಳುವವರು

ನಮ್ಮ ಸಂಘದ ಮನೆಗಳಲ್ಲಿ ಬೇಸಗೆ ಬಂತೆಂದರೆ ಮಕ್ಕಳ ಕಾಲೇಜಿನ ಮಾತು. ಶುಲ್ಕವೆಷ್ಟು, ಹಾಸ್ಟೆಲು ಉಂಟೆ, ಊಟಕ್ಕೆ ಅನ್ನ ಹಾಕುತ್ತಾರೋ ಬರಿಯ ರೊಟ್ಟಿಯೋ, ಓದು ಮುಗಿದ ಮೇಲೆ ಸಂಬಳವೆಷ್ಟು—ಇಷ್ಟನ್ನೂ ವಿಚಾರಿಸಿ ಮುಗಿದ ಮೇಲೆ, ಹೊತ್ತು ಉಳಿದಿದ್ದರೆ, ಅಲ್ಲಿ ಪಾಠ ಹೇಳುವವರು ಯಾರು ಎಂದು ಕೇಳುವುದುಂಟು. ಬೇರೆ ಓದುಗಳಲ್ಲಿ ಇದರಿಂದ ಅಂಥ ನಷ್ಟವೇನೂ ಆಗದಿರಬಹುದು. ಆದರೆ ಸಾರ್ವಜನಿಕ ಆರೋಗ್ಯವೆಂಬ ಶಾಸ್ತ್ರವೊಂದಿದೆ. ಅದರ ವಿಷಯದಲ್ಲಿ ಮಾತ್ರ ಈ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಬೇಕೆಂದು ನಮಗೆ ತೋರುತ್ತದೆ.

ನಮ್ಮ ಮಗಳ ಮಗಳು ಬಿ.ಎ. ಮುಗಿಸಿ, ಓದಿದರೆ ಇದನ್ನೇ ಓದುತ್ತೇನೆಂದು ಹಟ ಹಿಡಿದಳು. ನಮ್ಮ ಅಳಿಯಂದಿರು ಮೂರು ಕಡೆಯ ಅಧ್ಯಾಪಕರ ಪಟ್ಟಿಗಳನ್ನು ತಂದು ಮುಂದಿಟ್ಟರು. "ಮಾವ, ಅತ್ತೆ, ನೀವೇ ನೋಡಿ. ಒಬ್ಬರು ಮಕ್ಕಳ ಡಾಕ್ಟರು, ಒಬ್ಬರು ಅರ್ಥಶಾಸ್ತ್ರದವರು, ಇನ್ನೊಬ್ಬರು ಭೂಗೋಳ. ಇದು ಕಾಲೇಜೋ ಸಂತೆಯೋ?" ಎಂದರು. ಅವರ ಕಳವಳ ಸುಮ್ಮನೆ ಹುಟ್ಟಿದ್ದಲ್ಲ. ಎರಡು ವರ್ಷದ ಕಾಲ, ಲಕ್ಷಗಟ್ಟಲೆ ಹಣ. ಜೊತೆಗೆ ಬಾಯಿಬಿಟ್ಟು ಹೇಳದ ಇನ್ನೊಂದು ಮಾತು, ಹುಡುಗಿಯ ವಯಸ್ಸು. ನಮ್ಮಿಬ್ಬರಲ್ಲಿ ಒಬ್ಬರು ಬಹುಕಾಲ ದಿಲ್ಲಿಯ ಪುಸ್ತಕಭಂಡಾರವೊಂದರಲ್ಲಿ ಕೆಲಸ ಮಾಡಿದವರಾದ್ದರಿಂದ ಅವರಿಗೆ ಕೊಟ್ಟ ಉತ್ತರ ಸ್ವಲ್ಪ ಉದ್ದವಾಯಿತು. ಬೇರೆ ಮನೆಗಳಲ್ಲೂ ಇದೇ ಪ್ರಶ್ನೆ ಏಳುತ್ತಿದೆಯೆಂದು ಕೇಳಿದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಮೊದಲನೆಯದಾಗಿ, ಈ ಸಂತೆ ಇಂದು ನಿನ್ನೆಯದಲ್ಲ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರು 1916ರಲ್ಲಿ ಸಾರ್ವಜನಿಕ ಆರೋಗ್ಯಕ್ಕೆಂದೇ ಒಂದು ಶಾಲೆ ಸ್ಥಾಪಿಸಿದರು. ಅದರ ಮುಖ್ಯಸ್ಥರು ವಿಲಿಯಂ ವೆಲ್ಚ್ ಎಂಬ ಹೆಸರಾಂತ ವೈದ್ಯರು, ನಿಜ. ಆದರೆ ಅವರು ಕರೆತಂದವರಲ್ಲಿ ಮೆಕಾಲಮ್ ಎಂಬವರು ಇಲಿಗಳಿಗೆ ಬಗೆಬಗೆಯ ಆಹಾರ ತಿನ್ನಿಸಿ 'ಎ' ಜೀವಸತ್ವವನ್ನು ಗುರುತಿಸಿದ ರಸಾಯನಶಾಸ್ತ್ರಜ್ಞರು. ರೇಮಂಡ್ ಪರ್ಲ್ ಎಂಬವರು ಜೀವಶಾಸ್ತ್ರದಿಂದ ಬಂದು ಹುಟ್ಟು ಸಾವುಗಳ ಲೆಕ್ಕವನ್ನು ಶಾಸ್ತ್ರವಾಗಿ ಕಲಿಸಿದವರು. ನಮ್ಮ ದೇಶದಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ಹಣದಿಂದ ಕಲಕತ್ತೆಯಲ್ಲಿ 1932ರ ಕೊನೆಯಲ್ಲಿ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಪ್ರಾರಂಭವಾಯಿತು. ಅಲ್ಲಿಯೂ ಮಲೇರಿಯ, ಸಂಖ್ಯಾಶಾಸ್ತ್ರ, ಆಹಾರ, ತಾಯಿ ಮಕ್ಕಳ ಆರೈಕೆ ಇವಕ್ಕೆಲ್ಲ ಒಂದೊಂದು ವಿಭಾಗ. ರೋಗಿಯ ನಾಡಿ ಹಿಡಿಯುವವನಿಗೆ ವೈದ್ಯಶಾಸ್ತ್ರ ಸಾಕು. ಊರಿಗೆ ಊರೇ ಏಕೆ ಮಲಗಿತೆಂದು ತಿಳಿಯಬೇಕಾದವನಿಗೆ ನೀರಿನ ಕೊಳವೆಯೂ ಕೂಲಿಯ ದರವೂ ತಿಳಿದಿರಬೇಕು.

ಇಷ್ಟು ಹೇಳಿದರೆ ಯಾರಾದರೂ ತಲೆದೂಗುತ್ತಾರೆ. ಆದರೆ ಕಲಿಸುವವರು ಬೇರೆಯಾದರೆ ಕಂಡುಕೊಳ್ಳುವ ಸತ್ಯವೂ ಬೇರೆಯಾಗುತ್ತದೆಯೆ? ಆಗುತ್ತದೆ. ಅದಕ್ಕೆ ನಮ್ಮದೇ ತುಮಕೂರು ಜಿಲ್ಲೆಯಲ್ಲಿ ಸಾಕ್ಷಿಯಿದೆ. ಹೊರನಾಡಿನ ಕನ್ನಡಿಗರಿಗೆ ಈ ಸಂಗತಿ ಅಷ್ಟಾಗಿ ತಿಳಿದಂತಿಲ್ಲ. ಊರಿನಲ್ಲಿರುವವರಿಗೆ ತಿಳಿದಿದೆಯೆಂದೂ ನಾವು ಹೇಳಲಾರೆವು.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು; ಅದನ್ನು ಜವಾಹರಲಾಲ್ ನೆಹರೂ ಅವರು ಉದ್ಘಾಟಿಸಿದರು. ಬಡ ದೇಶವೊಂದು ಕ್ಷಯವನ್ನು ಎದುರಿಸುವ ದಾರಿ ಯಾವುದೆಂದು ಕಂಡುಹಿಡಿಯುವುದು ಅದರ ಕೆಲಸ. ಅಲ್ಲಿ ಸೇರಿದವರ ಪಟ್ಟಿಯೂ ನಮ್ಮ ಅಳಿಯಂದಿರ ಕಣ್ಣಿಗೆ ಸಂತೆಯಂತೆಯೇ ಕಾಣುತ್ತಿತ್ತು: ಎದೆಯ ಚಿತ್ರ ಓದುವವರು, ಕಫದಲ್ಲಿ ಕ್ರಿಮಿ ಹುಡುಕುವವರು, ಲೆಕ್ಕ ಹಾಕುವವರು. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಹಾಲ್ಫ್‌ಡಾನ್ ಮಾಹ್ಲರ್ ಎಂಬ ಡೆನ್ಮಾರ್ಕಿನ ವೈದ್ಯರಿದ್ದರು. 1973ರಲ್ಲಿ ಇವರೇ ಆ ಸಂಸ್ಥೆಯ ಮಹಾನಿರ್ದೇಶಕರಾದರು. ಇವರೆಲ್ಲರ ನಡುವೆ ಸ್ಟಿಗ್ ಆಂಡರ್ಸನ್ ಎಂಬ ಸಮಾಜಶಾಸ್ತ್ರಜ್ಞರು; ಮತ್ತು ವೈದ್ಯರಾಗಿ ಓದಿ ಆಮೇಲೆ ಮಾನವಶಾಸ್ತ್ರವನ್ನೂ ಕಲಿತಿದ್ದ ದೇಬಬರ್ ಬ್ಯಾನರ್ಜಿ.

ಆ ಕಾಲದ ತಿಳಿವಳಿಕೆ ಹೀಗಿತ್ತು: ಹಳ್ಳಿಯವರು ಅಜ್ಞಾನಿಗಳು, ಕೆಮ್ಮಿದರೆ ಗಾಳಿಯೆಂದೋ ದೃಷ್ಟಿಯೆಂದೋ ಮನೆಯಲ್ಲೇ ಕುಳಿತುಬಿಡುತ್ತಾರೆ, ಆದ್ದರಿಂದ ಎಕ್ಸ್‌ರೇ ಯಂತ್ರ ಹೊತ್ತ ಬಂಡಿಗಳನ್ನು ಊರೂರಿಗೆ ಕಳಿಸಿ ರೋಗಿಗಳನ್ನು ಹುಡುಕಿ ತೆಗೆಯಬೇಕು, ಜೊತೆಗೆ ಅವರಿಗೆ ಬುದ್ಧಿ ಹೇಳಬೇಕು. ತುಮಕೂರು ಜಿಲ್ಲೆಯಲ್ಲಿ ಎಕ್ಸ್‌ರೇ ಸಮೀಕ್ಷೆಯೂ ನಡೆಯಿತು. ರೋಗಿಗಳು ಎಷ್ಟು ಮಂದಿ ಎಂಬ ಲೆಕ್ಕ ಅದರಿಂದ ಸಿಕ್ಕಿತು. ಬ್ಯಾನರ್ಜಿಯವರೂ ಆಂಡರ್ಸನ್ನರೂ ಕೇಳಿದ್ದು ಬೇರೆ. ಚಿತ್ರದಲ್ಲಿ ಕ್ಷಯ ಕಂಡವರ ಮನೆಗೆ ಜನರನ್ನು ಕಳಿಸಿ, ನಿಮಗೆ ಕೆಮ್ಮು ಉಂಟೆ, ಜ್ವರ ಉಂಟೆ, ಅದರಿಂದ ಚಿಂತೆಯಾಗಿದೆಯೆ, ಅದಕ್ಕೇನು ಮಾಡಿದಿರಿ ಎಂದು ವಿಚಾರಿಸಿದರು. ಇಷ್ಟೇ. ಯಾವ ಅಜ್ಜಿಯಾದರೂ ಕೇಳುವ ಪ್ರಶ್ನೆಗಳು.

1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟವಾದ ಆ ಲೇಖನವನ್ನು ನಾವು ಓದಿದ್ದು ಬಹಳ ವರ್ಷಗಳ ಮೇಲೆ. ಕಫದಲ್ಲಿ ಕ್ರಿಮಿಯಿದ್ದವರಲ್ಲಿ ಬಹುಪಾಲು ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವು ಇತ್ತು. ಹೆಚ್ಚಿನವರಿಗೆ ಅದರ ಚಿಂತೆಯೂ ಇತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಆಸ್ಪತ್ರೆಯ, ಡಿಸ್ಪೆನ್ಸರಿಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರ ಕಫವನ್ನು ಯಾರೂ ನೋಡಲಿಲ್ಲ. ಕೆಮ್ಮಿನ ಔಷಧದ ಸೀಸೆ ಕೊಟ್ಟು ಕಳಿಸಿದ್ದರು. ಅಂದರೆ ರೋಗಿಯನ್ನು ಹುಡುಕಿಕೊಂಡು ಬಂಡಿ ಊರಿಗೆ ಹೋಗುವುದಕ್ಕೆ ಮುಂಚೆಯೇ ರೋಗಿ ಸರಕಾರವನ್ನು ಹುಡುಕಿಕೊಂಡು ಬಂದು ಹಿಂದಿರುಗಿದ್ದ.

ಇದನ್ನು ಓದಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ನಾವು ಮಾತಾಡಲಿಲ್ಲ. ನಮ್ಮ ಮನೆತನದಲ್ಲಿ ದೊಡ್ಡತ್ತೆ ಎಂದು ಎಲ್ಲರೂ ಕರೆಯುತ್ತಿದ್ದವರು ಆ ಜಿಲ್ಲೆಯವರೇ. ಐವತ್ತರ ದಶಕದ ಕೊನೆಯಲ್ಲಿ ಆರು ತಿಂಗಳು ಕೆಮ್ಮಿದರು. ಮನೆಯಲ್ಲಿ ಕುಳಿತಿರಲಿಲ್ಲ, ಮೂರು ಸಲ ಹೊಲದ ದಾರಿಯಲ್ಲಿ ನಡೆದು ಡಿಸ್ಪೆನ್ಸರಿಗೆ ಹೋದರು. ಸೀಸೆಯನ್ನು ಮನೆಯಿಂದಲೇ ತೊಳೆದು ಒಯ್ಯಬೇಕು. ಕೆಂಪು ನೀರು ತುಂಬಿಕೊಡುತ್ತಿದ್ದರು. ಕೊನೆಗೆ ಅವರ ತಮ್ಮ ಬೆಂಗಳೂರಿಗೆ ಕರೆದೊಯ್ದಾಗ ಒಂದೇ ದಿನದಲ್ಲಿ ಕಫದ ಪರೀಕ್ಷೆಯಾಯಿತು. ಚುಚ್ಚುಮದ್ದು, ಮಾತ್ರೆ ಎಂದು ಒಂದೂವರೆ ವರ್ಷ ಚಿಕಿತ್ಸೆ ನಡೆದು ಅತ್ತೆ ಉಳಿದರು. ಅವರ ಮಗ್ಗುಲಲ್ಲಿ ಮಲಗುತ್ತಿದ್ದ ಐದು ವರ್ಷದ ಹುಡುಗಿ ಉಳಿಯಲಿಲ್ಲ. ಅತ್ತೆಗೆ ತಿಳಿವಳಿಕೆ ಸಾಲದೆ ಹೀಗಾಯಿತೆಂದು ಬಂಧುಗಳು ಎಷ್ಟೋ ವರ್ಷ ಆಡಿಕೊಂಡರು. ಅವರಿಗೆ ತಿಳಿವಳಿಕೆ ಇತ್ತು. ಅವರ ಕಾಲುಗಳು ಅದಕ್ಕೆ ಸಾಕ್ಷಿ.

ಈ ವಿಚಾರಣೆಯ ಫಲ ಲೇಖನದಲ್ಲೇ ಉಳಿಯಲಿಲ್ಲ. 1962ರಲ್ಲಿ ಹೊರಟ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದಲ್ಲಿ, ಕೆಮ್ಮೆಂದು ತಾನಾಗಿ ಬಂದವರ ಕಫವನ್ನು ಸಾಮಾನ್ಯ ಆಸ್ಪತ್ರೆಗಳಲ್ಲೇ ಸೂಕ್ಷ್ಮದರ್ಶಕದಲ್ಲಿ ನೋಡುವುದು ಮುಖ್ಯ ಕ್ರಮವಾಯಿತು. ಬಂಡಿಗಿಂತ ಇದು ಅಗ್ಗ. ಇದಕ್ಕೆ ಮದರಾಸಿನ ಒಂದು ಪ್ರಯೋಗವೂ ನೆರವಾಯಿತು. ಅಲ್ಲಿನ ಕ್ಷಯ ಚಿಕಿತ್ಸಾ ಕೇಂದ್ರದವರು, ಬಡವರ ಓಣಿಗಳಲ್ಲಿ ಮನೆಯಲ್ಲೇ ಇದ್ದು ಔಷಧ ತೆಗೆದುಕೊಂಡವರೂ ಸ್ಯಾನಿಟೋರಿಯಮ್ಮಿನಲ್ಲಿ ಮಲಗಿದ್ದವರಷ್ಟೇ ಗುಣವಾದರೆಂದು 1959ರಲ್ಲಿ ತೋರಿಸಿದ್ದರು. ಆ ಪ್ರಯೋಗದಲ್ಲಿ ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರದವರ ಕೈವಾಡವೂ ಇತ್ತು. ಔಷಧ ಸಾಮಾನ್ಯ ಆಸ್ಪತ್ರೆಗಳಿಗೆ ಸರಿಯಾಗಿ ತಲುಪಿತೆ, ಕಾರ್ಯಕ್ರಮಕ್ಕೆ ಸಾಕಷ್ಟು ಹಣ ಸಿಕ್ಕಿತೆ ಎಂಬುದು ಬೇರೆಯೇ ಕಥೆ, ಸಂತೋಷದ ಕಥೆಯಲ್ಲ.

ಬ್ಯಾನರ್ಜಿಯವರು ಎಪ್ಪತ್ತರ ದಶಕದ ಪ್ರಾರಂಭದಲ್ಲಿ ದಿಲ್ಲಿಗೆ ಬಂದು ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಸಾಮಾಜಿಕ ವೈದ್ಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ಅದು ಸೇರಿದ್ದು ವೈದ್ಯಕೀಯ ಕಾಲೇಜಿಗಲ್ಲ, ಸಮಾಜವಿಜ್ಞಾನಗಳ ಶಾಲೆಗೆ. ತುಮಕೂರಿನ ಮನೆಬಾಗಿಲುಗಳಲ್ಲಿ ಕೇಳಿದ ಪ್ರಶ್ನೆ ಅಲ್ಲಿ ಪಾಠವಾಯಿತೆಂದು ನಾವು ತಿಳಿದಿದ್ದೇವೆ. ಹತ್ತೊಂಬತ್ತು ಹಳ್ಳಿಗಳನ್ನು ವರ್ಷಗಟ್ಟಲೆ ನೋಡಿ ಅವರು ಬಡತನ, ವರ್ಗ, ಆರೋಗ್ಯ ಇವುಗಳ ಮೇಲೆ 1982ರಲ್ಲಿ ಪುಸ್ತಕ ಬರೆದರು. ಆ ಕೇಂದ್ರದಲ್ಲಿ ಪಾಠ ಹೇಳಿದವರ ಆಸಕ್ತಿಗಳನ್ನು ನೋಡಿ. ಇಮ್ರಾನಾ ಕದೀರ್ ಮಕ್ಕಳ ವೈದ್ಯರು. ಹೆಂಗಸರ ಆರೋಗ್ಯವನ್ನೂ ಸರಕಾರದ ನೀತಿಯನ್ನೂ ಹಿಡಿದರು. ಸಮಾಜವಿಜ್ಞಾನದ ಕಡೆಯ ರಮಾ ಬಾರು ಖಾಸಗಿ ಆಸ್ಪತ್ರೆಗಳು ಹೇಗೆ ಬೆಳೆದವು, ಅವನ್ನು ನಡೆಸುವವರು ಯಾರು ಎಂದು 1998ರಲ್ಲಿ ಪುಸ್ತಕ ಬರೆದರು. ವೈದ್ಯರಾದ ಮೋಹನ್ ರಾವ್ ಜನಸಂಖ್ಯಾ ನಿಯಂತ್ರಣದ ಲೆಕ್ಕಾಚಾರವನ್ನೇ ಪ್ರಶ್ನಿಸಿದರು. ರಾಜೀಬ್ ದಾಸ್‌ಗುಪ್ತರು ದಿಲ್ಲಿಯಲ್ಲಿ ಕಾಲರಾ ಮತ್ತೆ ಏಕೆ ಬಂತೆಂದು ಹೊರಟು ಬಡಾವಣೆಗಳ ನೀರು ಚರಂಡಿಗಳ ವರೆಗೆ ಹೋದರು. ಕಾಲರಾದ ಕ್ರಿಮಿ ಯಾವುದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ಗೊತ್ತಾಗಿತ್ತಷ್ಟೆ. ಯಾರ ಮನೆಯ ನಲ್ಲಿಗೆ ಬರುತ್ತದೆ, ಯಾರ ಮನೆಗೆ ಬರುವುದಿಲ್ಲ ಎಂಬುದು ಸೂಕ್ಷ್ಮದರ್ಶಕದಲ್ಲಿ ಕಾಣದು.

ವೈದ್ಯಕೀಯ ಕಾಲೇಜುಗಳಿಗೆ ಅನ್ಯಾಯ ಮಾಡಬಾರದು. 1946ರ ಭೋರ್ ಸಮಿತಿಯ ವರದಿ, ವೈದ್ಯನಾದವನು ಸಾಮಾಜಿಕ ವೈದ್ಯನೂ ಆಗಬೇಕೆಂದು ಬಯಸಿತು; ಅದರ ಬೆನ್ನಿಗೆ ಎಲ್ಲ ಕಾಲೇಜುಗಳಲ್ಲೂ ಅದಕ್ಕೊಂದು ವಿಭಾಗ ಬಂತು. ಅಲ್ಲಿ ಹಳ್ಳಿ ಹಳ್ಳಿ ಸುತ್ತಿದ ಅಧ್ಯಾಪಕರನ್ನು ನಾವೇ ಬಲ್ಲೆವು. ಆದರೆ ಆ ವಿಭಾಗದವರು ಹೆಚ್ಚಾಗಿ ವೈದ್ಯರೇ. ಹುಡುಗರ ಮನಸ್ಸೋ, ಶಸ್ತ್ರಚಿಕಿತ್ಸೆಯ ಕಡೆಗೆ. ಈ ವಿಷಯಕ್ಕೆ ಪಾರ್ಕ್ ಅವರ ದಪ್ಪ ಪುಸ್ತಕವನ್ನು ಪರೀಕ್ಷೆಯ ಹಿಂದಿನ ವಾರ ತೆರೆದರೆ ತೆರೆದರು. ಸಮಾಜಶಾಸ್ತ್ರದವರೇ ತುಂಬಿದ ವಿಭಾಗದಲ್ಲಿ ಇನ್ನೊಂದು ದೋಷ: ಮಾತು ಬಹಳ, ರೋಗಿ ಕಾಣುವುದೇ ಇಲ್ಲ. ಎರಡೂ ಬೆರೆತ ಕಡೆ ಜಗಳವಿರುತ್ತದೆ. ಆ ಜಗಳ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಪಟ್ಟಿಯನ್ನು ಓದುವುದು ಹೇಗೆ? ಪದವಿಗಳ ಉದ್ದ ಅಳೆದು ಪ್ರಯೋಜನವಿಲ್ಲ. ಪ್ರತಿಯೊಬ್ಬರ ಎರಡು ಮೂರು ಲೇಖನಗಳನ್ನು ತೆಗೆದು ನೋಡಬೇಕು. ಸಂಗತಿಗಳನ್ನು ಅವರೇ ಊರಿಗೆ ಹೋಗಿ ಕೂಡಿಸಿದರೋ, ಮೇಜಿನ ಮೇಲೆ ಬಂದ ಅಂಕಿಗಳನ್ನೇ ಜಾಲಿಸಿದರೋ? ಹಣ ಕೊಟ್ಟವರು ಯಾರು? ಇದು ಲೇಖನದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ತಪ್ಪದೆ ಓದಬೇಕು. ಯಾವ ರೋಗಕ್ಕೆ ಹಣ ಹರಿದುಬರುತ್ತದೋ ಆ ರೋಗದಲ್ಲಿ ಆಸಕ್ತಿ ಹುಟ್ಟುವುದು ಮನುಷ್ಯ ಸ್ವಭಾವ. ಹತ್ತು ವರ್ಷದಲ್ಲಿ ನಾಲ್ಕು ರೋಗಗಳಿಗೆ ಹಾರಿದವರ ಬಳಿ ವಿದ್ಯಾರ್ಥಿಗೆ ಏನು ದಕ್ಕೀತು? ಒಂದೇ ತಾಲ್ಲೂಕಿಗೆ ಮತ್ತೆ ಮತ್ತೆ ಹೋದವರು ಒಬ್ಬರಿದ್ದರೂ ಆ ವಿಭಾಗಕ್ಕೆ ನಾವು ಗುರುತು ಹಾಕುತ್ತೇವೆ. ಮೊಮ್ಮಗಳ ಜೊತೆ ಕುಳಿತು ನಾಲ್ಕು ಸಂಜೆ ಹೀಗೆ ಓದಿದೆವು. ಮೂರರಲ್ಲಿ ಅತ್ಯಂತ ದೊಡ್ಡ ಕಟ್ಟಡದ ಹೆಸರನ್ನು ಅವಳೇ ಹೊಡೆದುಹಾಕಿದಳು. ಅವಳು ಆರಿಸಿದ ವಿಭಾಗದಲ್ಲಿ ಅರ್ಧ ವೈದ್ಯರು, ಅರ್ಧ ಬೇರೆಯವರು.

ತುಮಕೂರಿನ ಪ್ರಶ್ನೆಯೂ ಇನ್ನೂ ಮುಗಿದಿಲ್ಲ. 2019ರಿಂದ 2021ರ ವರೆಗೆ ದೇಶದಾದ್ಯಂತ ಕ್ಷಯದ ಸಮೀಕ್ಷೆ ನಡೆದಾಗ, ರೋಗಲಕ್ಷಣವಿದ್ದವರಲ್ಲಿ ನೂರಕ್ಕೆ ಸುಮಾರು 64 ಮಂದಿ ಚಿಕಿತ್ಸೆಗೆ ಹೋಗಿರಲಿಲ್ಲವೆಂದು ತಿಳಿದುಬಂತು. ಹೆಚ್ಚಿನವರು ಲಕ್ಷಣವನ್ನು ಅಲಕ್ಷಿಸಿದರೆಂದು ಕಾರಣವನ್ನೂ ಕೊಟ್ಟಿದ್ದಾರೆ. ದೊಡ್ಡತ್ತೆಯ ಕಾಲಕ್ಕಿಂತ ರಸ್ತೆ ಬಂತು, ಬಸ್ಸು ಬಂತು, ಔಷಧ ಉಚಿತವಾಯಿತು, ಆದರೂ ಹೀಗೇಕೆ? ಕೂಲಿ ತಪ್ಪುತ್ತದೆಂದೆ? ಹಿಂದೆ ಹೋಗಿ ಬರಿಗೈಯಲ್ಲಿ ಬಂದ ನೆನಪಿನಿಂದಲೆ? ಅಲಕ್ಷ್ಯವೆಂಬ ಒಂದು ಮಾತಿನಲ್ಲಿ ಇವೆಲ್ಲ ಅಡಗಿರಬಹುದು. ಮತ್ತೆ ಯಾರಾದರೂ ಮನೆಬಾಗಿಲಲ್ಲಿ ಕುಳಿತು ಕೇಳಬೇಕಾಗಿದೆ.

ಹೆತ್ತವರಿಗೆ ಒಂದು ಮಾತನ್ನು ಮರೆಮಾಚಬಾರದು. ಈ ಶಾಸ್ತ್ರ ಓದಿದ ವೈದ್ಯರಲ್ಲದವರಿಗೆ ಕೆಲಸದ ದಾರಿ ಇನ್ನೂ ಇಕ್ಕಟ್ಟು. ಸರಕಾರದ ಆರೋಗ್ಯ ಇಲಾಖೆಗಳ ಮೇಲಿನ ಹುದ್ದೆಗಳಲ್ಲಿ ಹಲವಕ್ಕೆ ಎಂ.ಬಿ.ಬಿ.ಎಸ್. ಬೇಕೆಂದೇ ಜಾಹೀರಾತು ಬರುತ್ತದೆ. ಸಿಗುವ ಕೆಲಸಗಳು ಬಹಳ ಸಲ ವರ್ಷ ವರ್ಷಕ್ಕೆ ಗುತ್ತಿಗೆಯವು. ಸೇರುವ ಮುಂಚೆ ವಿಭಾಗಕ್ಕೆ ಬರೆದು, ಕಳೆದ ಐದು ವರ್ಷಗಳಲ್ಲಿ ಓದಿ ಹೊರಬಿದ್ದವರು ಈಗ ಎಲ್ಲಿ ಏನು ಕೆಲಸದಲ್ಲಿದ್ದಾರೆಂದು ವಿಚಾರಿಸಬಹುದು. ನಾವು ಬರೆದ ಮೂರು ಪತ್ರಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಬಂತು, ಅದೂ ಅಧ್ಯಾಪಕರೊಬ್ಬರು ತಾವೇ ಬರೆದದ್ದು, ಎರಡು ಪುಟ.