ಅವ್ವ ಮುಚ್ಚಿಟ್ಟ ಮಾತು

ನಿಲಂಗಾದ ನಮ್ಮ ಮನೆಗೆ, 86 ವರ್ಷದ ಅವ್ವನಿಗೆ ವ್ಯಾಯಾಮ ಮಾಡಿಸಲು ಉದಗೀರದಿಂದ ಫಿಜಿಯೋಥೆರಪಿಯ ಡಾಕ್ಟರಬಾಯಿ ಬರುತ್ತಾರೆ. ಮೊದಲ ದಿನ ಗಡಿಯಾರ ಹಿಡಿದು, ಕುರ್ಚಿಯಿಂದ ಎದ್ದು 3 ಮೀಟರ್ ನಡೆದು, ತಿರುಗಿ ಬಂದು ಕೂಡ್ರಲು ಹೇಳಿದರು. 12 ಸೆಕೆಂಡು ಅಥವಾ ಅದಕ್ಕೂ ಹೆಚ್ಚಾದರೆ ಬೀಳುವ ಸಂಭವವಿದೆಯಂತೆ. ಅವ್ವನಿಗೆ 21 ಹಿಡಿಯಿತು.

"ಆಯಿ, ಈ ವರ್ಷ ಎಲ್ಲಾದರೂ ಬಿದ್ದಿರೇನು?"

"ಇಲ್ಲವ್ವಾ."

ನಾನೂ ಇಲ್ಲವೆಂದೆ. ನನ್ನ ಹೆಂಡತಿ ತಲೆ ತಗ್ಗಿಸಿದಳು. ಎರಡು ಸಲ ನಸುಕಿನಲ್ಲಿ ಬಚ್ಚಲಲ್ಲಿ ಬಿದ್ದಿದ್ದರಂತೆ. ದೀಪ ಹಚ್ಚಿದರೆ ಹುಳಗಳು ಬಂದು ಸಾಯುತ್ತವೆಂದು ಕತ್ತಲಲ್ಲೇ ಹೋಗುತ್ತಿದ್ದರು. ನನಗೆ ತಿಳಿದರೆ ಬಸದಿಗೆ ಹೋಗುವುದನ್ನೇ ಬಿಡಿಸುತ್ತೇನೆಂದು ಸೊಸೆಯಿಂದ ಮಾತು ತೆಗೆದುಕೊಂಡಿದ್ದರು. ಬಿಡಿಸುತ್ತಿದ್ದೆ, ಸುಳ್ಳೇಕೆ ಹೇಳಲಿ.

ಡಾಕ್ಟರಬಾಯಿ ಬಿಡಿಸಲಿಲ್ಲ. ನಡೆಯುವುದು ಬಿಟ್ಟರೆ ಕಾಲು ಇನ್ನೂ ಸೋಲುತ್ತವೆ ಎಂದರು. ಬಚ್ಚಲಿಗೆ ಹಿಡಿಕೆ ಹಾಕಿಸಿದೆವು. ಹುಳ ಕಡಿಮೆ ಬರುವ ಮಂದ ಹಳದಿ ಬಲ್ಬು ಕೂಡಿಸಿದೆವು. ಸಾಮಾಯಿಕಕ್ಕೆ ಕುರ್ಚಿ ಬಂತು. ಬಸದಿಯ ಮೆಟ್ಟಿಲಲ್ಲಿ ಈಗ ನನ್ನ ಕೈ ಹಿಡಿಯುತ್ತಾರೆ. ಅಂಗಡಿ ಅರ್ಧ ತಾಸು ತಡವಾಗಿ ತೆರೆಯುತ್ತದೆ.