ಸಟ್ಟುಗ ಕೈಗೆ ಬರುವ ಬೆಳಗು

ಜನವರಿ 17ರ ರಾತ್ರಿ. ಉಡುಪಿಯ ಜೋಡುಕಟ್ಟೆಯ ಹತ್ತಿರ, ಬಾಗಿಲೆಳೆದ ಅಂಗಡಿಯೊಂದರ ಜಗಲಿಯ ಮೇಲೆ ನೀವು ನಿಂತಿದ್ದೀರಿ. ಗಂಟೆ ಎರಡೂವರೆ ದಾಟಿದೆ, ಪೇಟೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಹುಲಿವೇಷದ ತಾಸೆಯ ಪೆಟ್ಟು ಎದೆಗೇ ಬಂದು ಬೀಳುತ್ತದೆ; ಅದು ದೂರವಾಗುವಷ್ಟರಲ್ಲಿ ಚೆಂಡೆಯವರು ಬರುತ್ತಾರೆ. ಚರುಮುರಿ ಗಾಡಿಯಿಂದ ಈರುಳ್ಳಿ, ತೆಂಗಿನೆಣ್ಣೆಯ ವಾಸನೆ. ಪಕ್ಕದ ಹೆಂಗಸಿನ ಮುಡಿಯಿಂದ ಶಂಕರಪುರ ಮಲ್ಲಿಗೆಯ ಪರಿಮಳ. ಹೆಗಲ ಮೇಲೆ ಮಗುವನ್ನು ಕೂರಿಸಿಕೊಂಡವರು, ಮನೆಯಿಂದ ಸ್ಟೂಲು ಹೊತ್ತು ತಂದ ಅಜ್ಜಂದಿರು. ಯಾರದೋ ಮೊಬೈಲಿಗೆ ಸುದ್ದಿ ಬರುತ್ತದೆ: “ದಂಡತೀರ್ಥದಲ್ಲಿ ಸ್ನಾನ ಆಯ್ತಂತೆ. ಹೊರಟ್ರಂತೆ.”

ದಂಡತೀರ್ಥ ಇರುವುದು ಕಾಪುವಿನಲ್ಲಿ. ಮಧ್ವಾಚಾರ್ಯರು ಹುಡುಗನಾಗಿದ್ದಾಗ ಕೋಲಿನಿಂದ ನೆಲ ಕೆದಕಿ ನೀರು ಬರಿಸಿದ ಕೆರೆ ಅದು ಎಂದು ನಂಬಿಕೆ. ಪರ್ಯಾಯ ಪೀಠ ಏರುವ, ಅಂದರೆ ಕೃಷ್ಣಪೂಜೆಯ ಸರದಿ ಬಂದ ಸ್ವಾಮಿಗಳು ಆ ನೀರಿನಲ್ಲಿ ಮುಳುಗಿಯೇ ಉಡುಪಿಯ ಕಡೆ ಹೊರಡಬೇಕು. ಬೆಳಗಾಗುವಷ್ಟರಲ್ಲಿ ಕೃಷ್ಣಮಠದ ಪೂಜೆ, ಅಡುಗೆಮನೆ, ಉಗ್ರಾಣ, ಬಂದುಹೋಗುವ ಸಾವಿರಾರು ಜನರ ಊಟ, ಎಲ್ಲವೂ ಇವರ ಹೆಗಲಿಗೆ. ಖರ್ಚೂ ಇವರ ಮಠದ್ದೇ. ಮೊದಲು ಉಡುಪಿಯ ಎಂಟು ಮಠಗಳಿಗೆ ಎರಡೆರಡು ತಿಂಗಳ ಸರದಿ ಇತ್ತು; ಅದನ್ನು ಎರಡು ವರ್ಷಕ್ಕೆ ಏರಿಸಿದವರು ಸೋದೆಯ ವಾದಿರಾಜರು. 1522ರಿಂದ ಆ ಕ್ರಮವೇ ನಡೆದಿದೆ.

“ನೀವು ಎಲ್ಲಿಂದ ಬಂದದ್ದು?” ಮಲ್ಲಿಗೆ ಮುಡಿದ ಹೆಂಗಸು ಕೇಳುತ್ತಾರೆ. ಹೇಳುತ್ತೀರಿ. ಅವರು ಕಟಪಾಡಿ ಕಡೆಯವರು, ಶಾಲೆಯಲ್ಲಿ ಟೀಚರ್. “ನಮ್ಮ ಹೆಡ್ ಮೇಷ್ಟ್ರಿಗೆ ಈ ತಿಂಗಳ ಕೊನೆಗೆ ರಿಟೈರ್‌ಮೆಂಟ್. ಒಂದನೇ ತಾರೀಕಿನಿಂದ ನಾನೇ ಚಾರ್ಜ್ ತಗೊಳ್ಬೇಕು ಮಾರಾಯ್ರೆ. ಬಿಸಿಯೂಟದ ಲೆಕ್ಕ, ಎಸ್‌ಡಿಎಂಸಿ ಮೀಟಿಂಗು, ಸೋರುವ ಮಾಡು... ಎಣಿಸಿದ್ರೆ ಹೊಟ್ಟೆಯಲ್ಲಿ ತಳಮಳ ಆಗ್ತದೆ.” ಹಿಂದೆ ಕುಳಿತ ಅವರ ಅತ್ತೆ ತಲೆಯೆತ್ತದೆ ಹೇಳುತ್ತಾರೆ: “ಕೃಷ್ಣ ಇದ್ದಾನಲ್ಲ, ನಡೆಸ್ತಾನೆ. ನೀನು ಹೊತ್ತಿಗೆ ಸರಿಯಾಗಿ ಶಾಲೆಗೆ ಹೋಗು, ಸಾಕು.”

ಆ ಮಾತಿನ ಎರಡು ತುದಿಗಳೂ ನಿಮ್ಮ ಮನಸ್ಸಿನಲ್ಲಿ ಉಳಿಯುತ್ತವೆ. ನಡೆಸುವವನು ಅವನು, ಹೊತ್ತಿಗೆ ಸರಿಯಾಗಿ ಹೋಗಬೇಕಾದವಳು ಇವಳು.

ಸಂಜೆ ಮಧ್ವ ಸರೋವರದ ಹಿಂದೆ ನೋಡಿ ಬಂದ ಕಟ್ಟಿಗೆ ರಥ ನೆನಪಾಗುತ್ತದೆ. ಸೀಳಿದ ಸೌದೆಯನ್ನು ಒಂದರ ಮೇಲೊಂದು ಒಟ್ಟಿ, ತೇರಿನ ಆಕಾರಕ್ಕೆ ಎತ್ತರಿಸಿದ್ದರು. ಹತ್ತಿರ ನಿಂತರೆ ತೊಗಟೆಯ ಒಗರು ವಾಸನೆ. ಆ ಸೌದೆ ಬಂದದ್ದು ಕಟ್ಟಿಗೆ ಮುಹೂರ್ತದಿಂದ. ಅದಕ್ಕೂ ಮೊದಲು ಅಕ್ಕಿ ಮುಹೂರ್ತ, ಎಲ್ಲಕ್ಕಿಂತ ಮೊದಲು, ವರ್ಷದ ಹಿಂದೆಯೇ, ಬಾಳೆ ಮುಹೂರ್ತ. ಉಣ್ಣುವವರು ಬರುವ ಮೊದಲೇ ಅವರ ಎಲೆಗೆ ಕಂದು ನೆಟ್ಟಾಗಿತ್ತು. ಕೊನೆಯದು ಭತ್ತ ಮುಹೂರ್ತ. ದೇವರನ್ನು ನಂಬುವುದೆಂದರೆ ಕೈಕಟ್ಟಿ ಕೂರುವುದು ಎಂದುಕೊಂಡವರನ್ನು ಈ ಸೌದೆಯ ಎದುರು ಕರೆತಂದು ನಿಲ್ಲಿಸಬೇಕು ಅನ್ನಿಸುತ್ತದೆ.

ಹೊರೆಕಾಣಿಕೆಯ ರಾಶಿಯನ್ನೂ ನೋಡಿದಿರಿ. ಅಕ್ಕಿ ಮೂಟೆ, ತೆಂಗಿನಕಾಯಿ, ಬೆಲ್ಲ, ಕುಂಬಳ. ಮಟ್ಟು ಊರಿನವರು ತಂದ ಗುಳ್ಳ ಬದನೆ ಬೇರೆಯೇ ಇತ್ತು: ತಿಳಿಹಸಿರು, ಮೈಮೇಲೆ ಬಿಳಿ ಗೆರೆ, ತೊಟ್ಟಿನಲ್ಲಿ ಸಣ್ಣ ಮುಳ್ಳು. ಅದರ ಬೀಜ ವಾದಿರಾಜರು ಕೊಟ್ಟದ್ದೆಂದು ಮಟ್ಟುವಿನವರು ಇವತ್ತಿಗೂ ಹೇಳುತ್ತಾರೆ. ಭಾರ ಒಬ್ಬರ ಹೆಗಲಿಗೆ ಬರುವ ಹೊತ್ತಿಗೆ ಊರೂರೇ ಹೀಗೆ ತಲೆಹೊರೆ ತಂದು ಇಳಿಸುತ್ತದೆ. ಕೃಷ್ಣ ಬಲ ಕೊಡುವ ದಾರಿಗಳಲ್ಲಿ ಇದೂ ಒಂದೆಂದು ನಾನು ನಂಬುತ್ತೇನೆ.

ಗದ್ದಲ ಒಮ್ಮೆಲೇ ಏರುತ್ತದೆ. ಬಿರುದಾವಳಿ, ಕೊಂಬು, ವಾದ್ಯ, ಒಂದರ ಹಿಂದೊಂದು ಸ್ತಬ್ಧಚಿತ್ರ. ಪಲ್ಲಕ್ಕಿಯಲ್ಲಿ ಮಠದ ಪಟ್ಟದ ದೇವರು. ಆಮೇಲೆ ಇನ್ನೊಂದು ಪಲ್ಲಕ್ಕಿಯಲ್ಲಿ ಪೀಠ ಏರುವ ಸ್ವಾಮಿಗಳು: ಕಾವಿ, ಗೋಪೀಚಂದನದ ನಾಮ, ತುಳಸಿಮಾಲೆ. ಟಾರ್ಚು, ಕ್ಯಾಮೆರಾಗಳ ಬೆಳಕಿನಲ್ಲಿ ಮುಖ ಕ್ಷಣಮಾತ್ರ ಕಾಣುತ್ತದೆ. ಪಕ್ಕದ ಟೀಚರ್ ಕೈಮುಗಿಯುತ್ತಾರೆ. ನೀವೂ.

ಇದೇ ದಾರಿಯಲ್ಲಿ 1952ರಲ್ಲಿ ಪೇಜಾವರ ಮಠದ ವಿಶ್ವೇಶತೀರ್ಥರು ಬಂದಾಗ ಅವರಿಗೆ ಇನ್ನೂ 20 ವರ್ಷ. ಏಳೆಂಟರ ವಯಸ್ಸಿನಲ್ಲೇ ಸನ್ಯಾಸಿಯಾದವರು. ಇಪ್ಪತ್ತರ ಹರೆಯದಲ್ಲಿ ಅಷ್ಟೊಂದು ಪೂಜೆ, ಅಷ್ಟೊಂದು ಜನ, ಅಷ್ಟೊಂದು ಲೆಕ್ಕ! 16 ವರ್ಷಕ್ಕೊಮ್ಮೆ ಅವರ ಸರದಿ ಮತ್ತೆ ಬಂತು. 2016ರಲ್ಲಿ ಐದನೆಯ ಸಲ ಪೀಠ ಏರಿದಾಗ ಅವರಿಗೆ 84. ಹರೆಯದ ಮೈಕಸುವಿನಿಂದಲೇ ನಡೆಯುವ ಕೆಲಸ ಇದಾಗಿದ್ದರೆ ಆ ಐದನೆಯದು ನಡೆಯುತ್ತಿರಲಿಲ್ಲ.

ತೆಂಕಪೇಟೆ ದಾಟಿ ಮೆರವಣಿಗೆ ರಥಬೀದಿಗೆ ಸೇರುತ್ತದೆ. ಜನರ ಅಲೆಯಲ್ಲಿ ನೀವೂ ಸೇರುತ್ತೀರಿ. ಕಾಲು ನೆಲಕ್ಕೆ ತಾಗಿದೆಯೋ ಇಲ್ಲವೋ ತಿಳಿಯದು. ಸ್ವಾಮಿಗಳು ಪಲ್ಲಕ್ಕಿಯಿಂದ ಇಳಿದು ನಡೆಯುತ್ತಾರೆ. ಮೊದಲು ಹೋಗುವುದು ಕನಕನ ಕಿಂಡಿಗೆ. ಒಳಗೆ ಹೋಗಲಾಗದ ಕನಕದಾಸರಿಗೆ ಕೃಷ್ಣ ಪಶ್ಚಿಮಕ್ಕೆ ತಿರುಗಿ ಮುಖ ತೋರಿದನೆಂದು ಭಕ್ತರು ನಂಬುವ ಜಾಗ ಅದು. ಇನ್ನೊಂದು ತಾಸಿನಲ್ಲಿ ಆ ವಿಗ್ರಹವನ್ನು ಕೈಯಾರೆ ಮುಟ್ಟಿ ಪೂಜಿಸುವ ಅಧಿಕಾರ ಬರಲಿರುವವರು ಈಗ ಬೀದಿಯಲ್ಲಿ ನಿಂತು, ಕಿಂಡಿಗೆ ಕಣ್ಣಿಟ್ಟು, ಕಡೆಗೋಲು ಹಿಡಿದ ಬಾಲಕನನ್ನು ನೋಡುತ್ತಿದ್ದಾರೆ. ಪರ್ಯಾಯದ ಇಡೀ ರಾತ್ರಿಯಲ್ಲಿ ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಘಳಿಗೆ ಇಲ್ಲ. ಅಧಿಕಾರಕ್ಕೆ ಮೊದಲು, ಬೀದಿಯಲ್ಲಿ ನಿಂತವರೆಲ್ಲರ ಹಾಗೆಯೇ ಬೇಡಿಕೊಳ್ಳುವುದು.

ಚಂದ್ರಮೌಳೀಶ್ವರ, ಅನಂತೇಶ್ವರರ ದರ್ಶನವಾಗುತ್ತದೆ. ಕೃಷ್ಣಮಠದ ಬಾಗಿಲಲ್ಲಿ ಎರಡು ವರ್ಷ ಪೂಜೆ ಮಾಡಿದ ಸ್ವಾಮಿಗಳು ಕಾದಿದ್ದಾರೆ. ಕೈಹಿಡಿದು ಒಳಗೆ ಕರೆದೊಯ್ಯುತ್ತಾರೆ. ಮುಂದಿನದನ್ನು ನೀವು ಹೊರಗಿನ ಪರದೆಯಲ್ಲೇ ನೋಡಬೇಕು.

ಮಧ್ವಾಚಾರ್ಯರ ಸನ್ನಿಧಿ. ಗರ್ಭಗುಡಿಯ ಕೀಲಿಕೈ ಕೈಯಿಂದ ಕೈಗೆ ಹೋಗುತ್ತದೆ. ಜತೆಗೆ ಅಕ್ಷಯ ಪಾತ್ರೆ, ಒಂದು ಸಟ್ಟುಗ. ಮಧ್ವರ ಕಾಲದಿಂದ ಬಂದವೆಂಬ ನಂಬಿಕೆ ಇವುಗಳದ್ದು. ಕಿರೀಟವಿಲ್ಲ, ಕತ್ತಿಯಿಲ್ಲ, ಅನ್ನ ಬಡಿಸುವ ಸಟ್ಟುಗ. ಆಮೇಲೆಯೇ ಸರ್ವಜ್ಞ ಪೀಠ. ಅಲ್ಲಿಗೂ ಏರುವವರು ತಾವಾಗಿ ಹೋಗಿ ಕೂರುವುದಿಲ್ಲ, ಇಳಿದವರು ಕೈಹಿಡಿದು ಕೂರಿಸುತ್ತಾರೆ. ಸ್ವತಂತ್ರನು ಹರಿಯೊಬ್ಬನೇ, ಉಳಿದವರೆಲ್ಲ ಅವನ ಅಧೀನ ಎಂದು ಮಧ್ವರು ಕಲಿಸಿದ್ದು ಈ ಊರಿನಲ್ಲೇ. ಪುಸ್ತಕದಲ್ಲಿ ಓದುವಾಗ ಕಠಿಣವೆನ್ನಿಸುವ ಆ ತತ್ತ್ವ ಈ ಬೆಳಗಿನಲ್ಲಿ ಎಷ್ಟು ಧೈರ್ಯದ ಮಾತಾಗಿ ಕಾಣುತ್ತದೆ! ಮಾಡಿಸುವವನು ಬೇರೆ ಇದ್ದಾನೆಂದು ಗೊತ್ತಿರುವವರು ಮಾತ್ರ ಇಷ್ಟು ದೊಡ್ಡ ಭಾರಕ್ಕೆ ಹೀಗೆ ಹೆಗಲು ಕೊಡಬಲ್ಲರು. ಎರಡು ವರ್ಷದ ನಂತರ ಅದನ್ನು ಇಳಿಸಿ ಬರಿಗೈಯಲ್ಲಿ ಎದ್ದು ನಡೆಯಬಲ್ಲರು.

ಮುಂದೆ ಬಡಗುಮಾಳಿಗೆಯ ಅರಳು ಗದ್ದಿಗೆಯಲ್ಲಿ ಗೌರವ, ರಾಜಾಂಗಣದಲ್ಲಿ ದರ್ಬಾರು. ಭಾಷಣಗಳಿರುತ್ತವೆ, ಶಾಲುಗಳಿರುತ್ತವೆ. ಕಣ್ಣಿಗೆ ನಿದ್ದೆ ಕಾಣದ ಸ್ವಾಮಿಗಳು ಮಹಾಪೂಜೆಗೆ ಗರ್ಭಗುಡಿಗೆ ಹೋಗುತ್ತಾರೆ. ಬೆಳಗಿನ ನಿರ್ಮಾಲ್ಯದಿಂದ ರಾತ್ರಿಯ ಏಕಾಂತ ಸೇವೆಯವರೆಗೆ ದಿನಕ್ಕೆ 14 ಪೂಜೆ; ಇವತ್ತು ಅದರ ಮೊದಲ ದಿನ. ಪಲ್ಲಪೂಜೆಯಲ್ಲಿ ಅನ್ನದ ರಾಶಿ ಕೃಷ್ಣನಿಗೆ ನಿವೇದನೆಯಾಗುತ್ತದೆ, ಅಲ್ಲಿಂದ ಪಂಕ್ತಿಗೆ.

ಚಪ್ಪರದಡಿ ನಿಮಗೂ ಒಂದು ಎಲೆ ಸಿಗುತ್ತದೆ. ನೀರು ಚಿಮುಕಿಸಿ ಒರೆಸುವಷ್ಟರಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಬಂದಾಯಿತು. ಹಬೆಯಾಡುವ ಅನ್ನ. ಗುಳ್ಳದ ಹುಳಿ. ಪಂಚೆ ಎತ್ತಿ ಕಟ್ಟಿದ ಹುಡುಗ ಬೆವರು ಒರೆಸಿಕೊಳ್ಳುತ್ತಾ ಎರಡನೇ ಸಲ ನಿಮ್ಮ ಎದುರು ಬಂದು ಬಗ್ಗುತ್ತಾನೆ. “ಅನ್ನ ಹಾಕ್ಲಾ? ಸರೀ ಊಟ ಮಾಡಿ. ಇನ್ನೂ ಬೇಕಷ್ಟು ಉಂಟು.”